ಸ್ವಯಂ-ದಾಸ್ತಾನು ಕೊಠಡಿ

ಮಾಸಿಕ ಬಾಡಿಗೆ ತೆತ್ತು ಸಾಮಾನುಗಳನ್ನಿರಿಸಿದ ಗೃಹಸ್ಥನು ಬೀಗದ ಕೈಯನ್ನು ತನ್ನಲ್ಲಿಯೇ ಉಳಿಸಿಕೊಳ್ಳುವ ಕೊಠಡಿ. 1960ರ ದಶಕದಲ್ಲಿ ಅಮೆರಿಕದ ಟೆಕ್ಸಾಸಿನಲ್ಲಿ ಈಗಿನ ರೂಪವನ್ನು ತಳೆದ ಈ ಪದ್ಧತಿಯು, 1972ರಲ್ಲಿ ಕ್ಯಾಲಿಫೋರ್ನಿಯದಲ್ಲಿ ಸ್ಥಾಪಿತವಾದ ಪಬ್ಲಿಕ್ ಸ್ಟೋರೇಜ್ ಸಂಸ್ಥೆಯ ಮೂಲಕ ಬಹುವಾಗಿ ವಿಸ್ತರಿಸಿ, ಇಂದು ಬೆಂಗಳೂರಿನಲ್ಲಿಯೂ ಬಳಕೆಗೆ ಬಂದಿದೆ. ಕಳವಿನ ಭಯಕ್ಕೆ ಗಟ್ಟಿ ಬೀಗವೂ ವಿಮೆಯೂ ಉಂಟು. ಆದರೆ ಸದ್ದಿಲ್ಲದೆ ಸರ್ವಸ್ವವನ್ನೂ ಕೆಡಿಸುವ ತೇವವೇ ಇಲ್ಲಿಯ ನಿಜವಾದ ಶತ್ರುವಾದ ಕಾರಣ, ಪೆಟ್ಟಿಗೆಗಳನ್ನು ನೆಲಕ್ಕೆ ತಾಗದಂತೆ ಹಲಗೆಗಳ ಮೇಲೆ, ಗೋಡೆಯಿಂದ ನಾಲ್ಕು ಬೆರಳು ದೂರದಲ್ಲಿ ಪೇರಿಸುವುದೂ, ರೇಷ್ಮೆ ಸೀರೆಗಳನ್ನು ಪ್ಲಾಸ್ಟಿಕ್ ಚೀಲದಲ್ಲಿಡದೆ ಒಗೆದೊಣಗಿಸಿದ ಹತ್ತಿಬಟ್ಟೆಯಲ್ಲಿ ಸುತ್ತುವುದೂ, ಒರೆಸಿದ ಫ್ರಿಜ್ಜಿನ ಬಾಗಿಲನ್ನು ಬೂಷ್ಟು ಹಿಡಿಯದಂತೆ ತುಸು ತೆರೆದಿಡುವುದೂ ಅತ್ಯವಶ್ಯಕವೆನಿಸುತ್ತವೆ. ಇಲಿಗಳನ್ನು ಆಕರ್ಷಿಸುವ ಧಾನ್ಯ, ಬೆಂಕಿಗೆ ಎಡೆಮಾಡುವ ಸೀಮೆಎಣ್ಣೆ ಹಾಗೂ ಗ್ಯಾಸ್ ಸಿಲಿಂಡರುಗಳು ಇಲ್ಲಿ ವರ್ಜ್ಯ. ಆಭರಣ ಮತ್ತು ಆಸ್ತಿಪತ್ರಗಳಿಗೆ ಬ್ಯಾಂಕಿನ ಲಾಕರೇ ಯೋಗ್ಯಸ್ಥಾನ.