ದೊಡ್ಡಿಯ ಹಸು, ಅಚ್ಚಿನ ಮೊಲ

ನಮ್ಮ ಸೀಮೆಯ ಎಮ್ಮೆದೊಡ್ಡಿಯ ಹೆಸರು ಕೇಳಿದಾಗಲೆಲ್ಲ ನನಗೆ ಬೇರೊಂದು ದೊಡ್ಡಿ ನೆನಪಾಗುತ್ತದೆ. ನಾನು ಐದನೆಯ ತರಗತಿಯಲ್ಲಿದ್ದಾಗ ನಮ್ಮ ಹಸು ಪರರ ಹೊಲಕ್ಕೆ ನುಗ್ಗಿ ದೊಡ್ಡಿ ಸೇರಿತ್ತು. ದಂಡ ಕಟ್ಟಿ ಬಿಡಿಸಿಕೊಳ್ಳಲು ತಂದೆಯವರು ಹೋದರೆ, ಇನ್ನೊಬ್ಬರು ಅದು ತಮ್ಮದೆಂದು ಹಗ್ಗ ಹಿಡಿದು ನಿಂತಿದ್ದರು. ತೊಡೆಯ ಮೇಲೆ ಕಾದ ಕಬ್ಬಿಣದಿಂದ ಹಾಕಿದ್ದ ಗುರುತು ರೋಮ ಬೆಳೆದು ಮಸುಕಾಗಿತ್ತು. ಹಸು ನಮಗೆ ಮರಳಲಿಲ್ಲ. ಆ ವರ್ಷ ತಂಗಿಗೆ ವರ್ತನೆಯ ಹಾಲು ತರಿಸಬೇಕಾಯಿತು.

ದನಗಳ ಲೆಕ್ಕವೆಂಬುದು ಇಲ್ಲಿ ಅರಸರ ಚಿಂತೆಯೂ ಆಗಿತ್ತು. ಮೈಸೂರು ಒಡೆಯರ ಬೆಣ್ಣೆ ಚಾವಡಿಗೆ ಟಿಪ್ಪು ಸುಲ್ತಾನನು ಅಮೃತಮಹಲ್ ಎಂದು ಹೆಸರಿಟ್ಟನು. ಸೈನ್ಯದ ಸರಂಜಾಮು ಎಳೆಯುವ ಎತ್ತುಗಳಿಗಾಗಿ ಕಾವಲುಗಳನ್ನೇ ಮೀಸಲಿಟ್ಟು ಬೆಳೆಸಿದ ತಳಿಯದು. 1929ರಲ್ಲಿ ಅಜ್ಜಂಪುರದಲ್ಲಿ ಅದರ ಸಂವರ್ಧನಾ ಕೇಂದ್ರ ಆರಂಭವಾಯಿತು. ಇಂದು ದನದ ಕಿವಿಗೆ ಹನ್ನೆರಡು ಅಂಕಿಗಳ ಓಲೆ ತೊಡಿಸುತ್ತಾರೆ. ಆದರೆ ಓಲೆಯನ್ನು ಕತ್ತರಿಸಬಹುದು. ಅಂಕಿಯ ಅರ್ಥವಿರುವುದು ಎಲ್ಲಿಯೋ ಇರುವ ಗಣಕದಲ್ಲಿ.

ಅಳಿಸಲಾಗದ ಗುರುತು ಹಸುವಿನ ಮೈಯಲ್ಲಿಯೇ ಇತ್ತು. 1984ರಲ್ಲಿ ಇಂಗ್ಲೆಂಡಿನ ಅಲೆಕ್ ಜೆಫ್ರೀಸ್ ಡಿಎನ್‌ಎ ಬೆರಳಚ್ಚಿನ ವಿಧಾನವನ್ನು ಕಂಡುಕೊಂಡರು. ನಮ್ಮ ಕೊಟ್ಟಿಗೆಯಲ್ಲಿದ್ದ ತಾಯಿ ಹಸುವಿನ ರೋಮದ ಬುಡವೊಂದೇ ಅಂದು ಸಾಕ್ಷಿ ನುಡಿಯಬಹುದಿತ್ತು! ನಮ್ಮ ದುರದೃಷ್ಟ, ಅದು ಹದಿನೈದು ವರ್ಷ ತಡವಾಯಿತು.

ಮುಂದೆ ವಿಜ್ಞಾನಿಗಳು ಡಿಎನ್‌ಎಯನ್ನು ಓದುವುದಷ್ಟೇ ಅಲ್ಲ, ಅದರಲ್ಲಿ ನಮ್ಮ ಮಾತನ್ನು ಬರೆಯಲೂ ತೊಡಗಿದರು. ಅದರ ವರ್ಣಮಾಲೆಯಲ್ಲಿ ನಾಲ್ಕೇ ಅಕ್ಷರ: ಎ, ಸಿ, ಜಿ, ಟಿ. ಗಣಕದ 00, 01, 10, 11ಗಳಿಗೆ ಕ್ರಮವಾಗಿ ಇವನ್ನು ಹೊಂದಿಸಿ ನಾನೊಂದು ಮಧ್ಯಾಹ್ನ ಕುಳಿತು ಲೆಕ್ಕ ಹಾಕಿದೆ. ಯೂನಿಕೋಡಿನ ನಮ್ಮ 'ಕ' ಅಕ್ಷರವು 'ಎಎಟಿಎಜಿಸಿಸಿಸಿ' ಎಂದಾಯಿತು. (ಒಂದೇ ಅಕ್ಷರ ಸಾಲಾಗಿ ಬಂದರೆ ಓದುವಾಗ ತಪ್ಪಾಗುವ ಸಂಭವ ಹೆಚ್ಚು; ಆದ್ದರಿಂದ ವಿಜ್ಞಾನಿಗಳ ಲಿಪಿ ಇದಕ್ಕಿಂತ ಜಾಣತನದ್ದು.) 2012ರಲ್ಲಿ ಹಾರ್ವರ್ಡಿನ ಜಾರ್ಜ್ ಚರ್ಚ್ ಮತ್ತು ಸಂಗಡಿಗರು ಹೀಗೆ ಒಂದು ಇಡೀ ಪುಸ್ತಕವನ್ನೇ ಬರೆದರು. ಈ ಬರವಣಿಗೆಯ ಖರ್ಚು ಮಾತ್ರ ಇಂದಿಗೂ ದುಬಾರಿ.

ನನ್ನನ್ನು ಹೆಚ್ಚು ಬೆರಗುಗೊಳಿಸಿದ್ದು 2019ರಲ್ಲಿ ಸ್ವಿಟ್ಜರ್‌ಲೆಂಡಿನ ರಾಬರ್ಟ್ ಗ್ರಾಸ್ ಮತ್ತು ಇಸ್ರೇಲಿನ ಯಾನಿವ್ ಎರ್ಲಿಕ್ ತಂಡ ಪ್ರಕಟಿಸಿದ ಪ್ರಯೋಗ. ಅವರು ಪ್ಲಾಸ್ಟಿಕ್ಕಿನ ಮೊಲವೊಂದನ್ನು ಮೂರು ಆಯಾಮದ ಮುದ್ರಣಯಂತ್ರದಲ್ಲಿ ಅಚ್ಚು ಹಾಕಿದರು. ಆ ಮೊಲದ ನಕ್ಷೆಯನ್ನೇ ಡಿಎನ್‌ಎಯಲ್ಲಿ ಬರೆದು, ಕೆಡದಂತೆ ಗಾಜಿನಂಥ ಸಿಲಿಕಾದ ಅತಿಸೂಕ್ಷ್ಮ ಮಣಿಗಳಲ್ಲಿ ಮುಚ್ಚಿ, ಮೊದಲೇ ಪ್ಲಾಸ್ಟಿಕ್ಕಿಗೆ ಬೆರೆಸಿದ್ದರು. ಆಮೇಲೆ ಮೊಲದಿಂದ ಒಂದು ಚೂರು ಕತ್ತರಿಸಿ, ನಕ್ಷೆಯನ್ನು ಓದಿ, ಅದರಂತೆಯೇ ಮರಿ ಮೊಲವನ್ನು ಅಚ್ಚು ಹಾಕಿದರು. ಹೀಗೆಯೇ ಪೀಳಿಗೆಯ ಮೇಲೆ ಪೀಳಿಗೆ.

ಆ ಚೂರನ್ನು ಅವರು ಕತ್ತರಿಸಿಕೊಂಡದ್ದು ಮೊಲದ ಕಿವಿಯಿಂದ.