ಶರದೃತುವಿನಲ್ಲಿ ಕೆರೆಯ ಕಾವಲು: ವೃಷಭಾವತಿ ಕಣಿವೆಯ ಕೆರೆಗಳ ಪಾಲನೆಯನ್ನು ಕುರಿತು ಒಂದು ವಿಚಾರ

ನಮ್ಮಲ್ಲಿ ಕೆರೆಗಳ ಚರಿತ್ರೆಯೆಂದರೆ ಬಹುಮಟ್ಟಿಗೆ ಅವುಗಳನ್ನು ಕಟ್ಟಿಸಿದವರ ಚರಿತ್ರೆ. ಕಟ್ಟಿಸಿದವನ ಹೆಸರು ಶಾಸನದಲ್ಲಿ ನಿಲ್ಲುತ್ತದೆ. ಕಟ್ಟಿದ ಕೆರೆಯನ್ನು ವರ್ಷ ವರ್ಷವೂ ಕಾಯ್ದವನ ಹೆಸರು ನಿಲ್ಲುವುದು ಅಪರೂಪ. ಬೆಂಗಳೂರಿನ ಪಶ್ಚಿಮಕ್ಕೆ, ವೃಷಭಾವತಿಯ ಕಣಿವೆಯಲ್ಲಿದ್ದ ಕೆರೆಗಳು ಒತ್ತುವರಿಯಿಂದಲೂ ಜನರ ಅಲಕ್ಷ್ಯದಿಂದಲೂ ಅಳಿದುವೆಂದು ಹೇಳುವುದು ವಾಡಿಕೆಯಾಗಿದೆ. ಈ ಮಾತು ಸುಳ್ಳಲ್ಲ, ಆದರೆ ಅಪೂರ್ಣ. ಕೆರೆಯ ಪಾಲನೆಯು ಒಂದು ಹುದ್ದೆಯಾಗಿದ್ದಿತು. ಅದಕ್ಕೆ ಜಮೀನಿನ ಆಧಾರವಿದ್ದಿತು. ಆ ಆಧಾರವು ಕಳಚಿದ ಬಗೆಯನ್ನು ವಿಚಾರಿಸುವುದೇ ಪ್ರಕೃತ ಪ್ರಬಂಧದ ಉದ್ದೇಶ.

ಶೀತದೇಶಗಳಲ್ಲಿ ಶರತ್ಕಾಲದ ಕೊಳಪಾಲನೆಯೆಂದರೆ ಉದುರಿದ ಎಲೆಗಳನ್ನು ತೆಗೆದು, ನೀರು ಹೆಪ್ಪುಗಟ್ಟುವ ಕಾಲಕ್ಕೆ ಸಿದ್ಧಪಡಿಸುವುದು. ನಮ್ಮ ಶರದೃತುವಿನ ಸ್ವರೂಪವೇ ಬೇರೆ. ಬೆಂಗಳೂರಿನಲ್ಲಿ ಅತಿ ಹೆಚ್ಚು ಮಳೆ ಬೀಳುವುದು ಸೆಪ್ಟೆಂಬರಿನಲ್ಲಿ. ಅಕ್ಟೋಬರಿನ ಮಳೆಯೂ ಅಲ್ಪವಲ್ಲ. ರೈತರ ಲೆಕ್ಕದಲ್ಲಿ ಇದು ಉತ್ತರೆ, ಹಸ್ತ, ಚಿತ್ತೆ, ಸ್ವಾತಿ ಮಳೆಗಳ ಕಾಲ. ಹೂಳೆತ್ತುವುದು ಬೇಸಗೆಯ ಕೆಲಸ. ಅಂಗಳ ಒಣಗಿದಾಗ ಕೆರೆಗೋಡನ್ನು ಬಂಡಿಗಳಲ್ಲಿ ತುಂಬಿ ಹೊಲಗಳಿಗೆ ಗೊಬ್ಬರವಾಗಿ ಒಯ್ಯುತ್ತಿದ್ದರು. ಆಶ್ವಯುಜ ಕಾರ್ತಿಕಗಳಲ್ಲಾದರೋ ಕೆರೆ ತುಂಬಿರುತ್ತದೆ. ಆಗ ಬೇಕಾದುದು ಕಾವಲು. ಏರಿಯಲ್ಲಿ ಇಲಿ ಏಡಿಗಳು ತೋಡಿದ ಬಿಲಗಳನ್ನು ಹುಡುಕಿ ಮುಚ್ಚಬೇಕು. ಏರಿಯ ಹಿಂಬದಿಯಲ್ಲಿ ಜಿನುಗುವ ನೀರು ತಿಳಿಯಾಗಿದೆಯೋ ಮಣ್ಣನ್ನು ಕೊಚ್ಚಿಕೊಂಡು ಬರುತ್ತಿದೆಯೋ ನೋಡಬೇಕು. ತಿಳಿಯಾಗಿದ್ದರೆ ಅಷ್ಟು ಭಯವಿಲ್ಲ, ಕೆಂಪಗಿದ್ದರೆ ಏರಿ ಒಳಗೊಳಗೇ ಕೊರೆಯುತ್ತಿದೆಯೆಂದು ತಿಳಿಯಬೇಕು. ಏರಿಯ ಮೇಲೆ ಬೇರು ಬಿಡುವ ಮರಗಿಡಗಳನ್ನು ಎಳೆಯದರಲ್ಲಿಯೇ ಕೀಳಬೇಕು. ಕೋಡಿಗೆ ಅಡ್ಡ ಬಂದ ಕಸಕಡ್ಡಿಯನ್ನು ಮಳೆಯ ರಾತ್ರಿಯಲ್ಲಿಯೇ ಸರಿಸಬೇಕು. ಮಳೆಗಾಲ ಮುಗಿಯುವ ಸೂಚನೆ ಕಂಡಾಗ ಕೋಡಿಯ ಕಲ್ಲುಗಳ ನಡುವೆ ಹುಲ್ಲುಹೆಂಟೆಗಳನ್ನಿಟ್ಟು ಇನ್ನಷ್ಟು ನೀರನ್ನು ತಡೆಯುವ ಪದ್ಧತಿಯೂ ದಕ್ಷಿಣದ ಕೆರೆಗಳಲ್ಲಿದ್ದಿತು. ಬೇಗ ಇಟ್ಟರೆ ಏರಿಗೆ ಅಪಾಯ, ತಡವಾದರೆ ಬೆಳೆಗೆ ನಷ್ಟ. ಇಂತಹ ನಿರ್ಣಯ ಆ ಕೆರೆಯ ಬಳಿಯಲ್ಲಿಯೇ ಬಾಳಿದವನಿಗಲ್ಲದೆ ಬೇರೆಯವರಿಗೆ ಸಾಧ್ಯವಿರಲಿಲ್ಲ.

ಅವನೇ ನೀರುಗಂಟಿ. ತೂಬನ್ನು ತೆಗೆಯುವುದು, ಮುಚ್ಚುವುದು, ಗದ್ದೆಗಳಿಗೆ ಸರದಿಯಂತೆ ನೀರನ್ನು ಹಂಚುವುದು ಅವನ ಕೆಲಸ. ಅದಕ್ಕೆ ಪ್ರತಿಯಾಗಿ ಇನಾಮು ಜಮೀನನ್ನೋ, ಅಚ್ಚುಕಟ್ಟಿನ ರೈತರ ಕಣದಿಂದ ಧಾನ್ಯದ ಪಾಲನ್ನೋ ಪಡೆಯುತ್ತಿದ್ದನು. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ಕಟ್ಟುಕೊಡಗೆ ಮೊದಲಾದ ದತ್ತಿಗಳೂ, ಕೆರೆಯ ಬಂಡಿಯನ್ನು ನಡೆಸಲೆಂದು ಬಿಟ್ಟ ಭೂಮಿಗಳೂ ಇದೇ ವ್ಯವಸ್ಥೆಯ ಅಂಗಗಳು. ವಿಜಯನಗರದ ಕಾಲದ, 1369ರ ಪೋರುಮಾಮಿಳ್ಳ ಶಾಸನವು ಕೆರೆಯ ದೋಷಗಳನ್ನು ಎಣಿಸುವಾಗ ಏರಿಯಿಂದ ನೀರು ಜಿನುಗುವುದನ್ನೂ ಸೇರಿಸಿರುವುದು ಗಮನಾರ್ಹ. 1866ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರ್ ಆಗಿದ್ದ ಸ್ಯಾಂಕಿಯವರು, ಈ ಸಂಸ್ಥಾನದಲ್ಲಿ ಹೊಸ ಕೆರೆಗೆ ತಕ್ಕ ಸ್ಥಳವನ್ನು ಕಂಡುಹಿಡಿಯುವುದೇ ಕಷ್ಟವೆಂಬ ಅಭಿಪ್ರಾಯವನ್ನು ವ್ಯಕ್ತಪಡಿಸಿದರು. ಸುಮಾರು ಶೇಕಡ 60ರಷ್ಟು ಪ್ರದೇಶವು ಕೆರೆಗಳ ಏರ್ಪಾಡಿಗೆ ಒಳಪಟ್ಟಿದೆಯೆಂಬುದು ಅವರ ಅಂದಾಜು. ಅವುಗಳಲ್ಲಿ ಬಹುಪಾಲನ್ನು ಉಳಿಸಿಕೊಂಡು ಬಂದವರು ಈ ಹಳ್ಳಿಯ ನೌಕರರೇ ಹೊರತು ಸರ್ಕಾರದ ಇಲಾಖೆಯಲ್ಲ.

ಈ ವ್ಯವಸ್ಥೆಯನ್ನು ರಮ್ಯವಾಗಿ ಚಿತ್ರಿಸುವುದು ನ್ಯಾಯವಲ್ಲ. ನೀರುಗಂಟಿತನವು ವಂಶಪಾರಂಪರ್ಯವಾಗಿದ್ದು, ಅನೇಕ ಕಡೆ ಅಸ್ಪೃಶ್ಯರೆನಿಸಿದ ಕುಟುಂಬಗಳ ಪಾಲಿಗೆ ಬಂದಿದ್ದಿತು. ನೀರನ್ನು ಹಂಚುವವನಿಗೆ ಆ ನೀರಿನಿಂದ ಬೆಳೆದ ಬೆಳೆಯಲ್ಲಿ ದೊರೆಯುತ್ತಿದ್ದುದು ಅಲ್ಪ. ಗ್ರಾಮದ ವಂಶಪಾರಂಪರ್ಯ ಹುದ್ದೆಗಳನ್ನು ರದ್ದುಗೊಳಿಸಿದ 1961ರ ಕಾಯಿದೆಯನ್ನು ಈ ದೃಷ್ಟಿಯಿಂದ ಯಾರೂ ಆಕ್ಷೇಪಿಸಲಾರರು. ಆದರೆ ಹುದ್ದೆ ಹೋದಂತೆ ಕೆಲಸವೂ ಹೋಯಿತು. ಆ ಕೆಲಸವನ್ನು ಯಾರು ಮಾಡಬೇಕೆಂಬುದು ಇತ್ಯರ್ಥವಾಗಲಿಲ್ಲ.

ಬೆಂಗಳೂರಿನ ಪಶ್ಚಿಮದಲ್ಲಿ ಇದರ ಜೊತೆಗೆ ಮತ್ತೆರಡು ಕಾರಣಗಳು ಸೇರಿದುವು. ಮೊದಲನೆಯದಾಗಿ, 1890ರ ದಶಕದಲ್ಲಿ ಹೆಸರಘಟ್ಟದ ನೀರೂ 1933ರಲ್ಲಿ ತಿಪ್ಪಗೊಂಡನಹಳ್ಳಿಯ ಜಲಾಶಯವೂ ಬಂದಮೇಲೆ, ನಗರಕ್ಕೆ ತನ್ನ ಕೆರೆಗಳ ನೀರು ಬೇಕಾಗಲಿಲ್ಲ. ಧರ್ಮಾಂಬುಧಿಯ ಅಂಗಳ ಬಸ್ಸುನಿಲ್ದಾಣವಾಯಿತು. ಎರಡನೆಯದು ಬಡಾವಣೆಗಳು. 1945ರಲ್ಲಿ ನಗರಾಭಿವೃದ್ಧಿ ವಿಶ್ವಸ್ಥ ಮಂಡಲಿ ಸ್ಥಾಪಿತವಾಯಿತು. 1949ರಲ್ಲಿ ರಾಜಾಜಿನಗರಕ್ಕೆ ನಾಂದಿಯಾಯಿತು. ವಿಜಯನಗರ, ಬಸವೇಶ್ವರನಗರಗಳು ಅನಂತರ ಬಂದುವು. ಕೇತಮಾರನಹಳ್ಳಿ, ಸಾಣೆಗುರುವನಹಳ್ಳಿ, ಮಾರೇನಹಳ್ಳಿಗಳ ಕೆರೆಗಳು ಇಂದು ಹೆಸರಿಗೆ ಮಾತ್ರ. ಕೆರೆಯ ಕೆಳಗಿನ ಗದ್ದೆಗಳು ನಿವೇಶನಗಳಾದ ಮೇಲೆ ತೂಬಿಗೆ ಕೆಲಸವಿಲ್ಲ, ತೂಬಿಗೆ ಕೆಲಸವಿಲ್ಲದ ಮೇಲೆ ನೀರುಗಂಟಿಗೆ ಪಾಲಿಲ್ಲ. 1985ರಲ್ಲಿ ಸರ್ಕಾರವು ಲಕ್ಷ್ಮಣರಾವ್ ಸಮಿತಿಯನ್ನು ನೇಮಿಸುವ ಹೊತ್ತಿಗೆ ಅನೇಕ ಕೆರೆಗಳು ಆಗಲೇ ನಿರುಪಯುಕ್ತವಾಗಿದ್ದುವು.

ಅಚ್ಚುಕಟ್ಟು ಹೋದುದರ ಇನ್ನೊಂದು ಪರಿಣಾಮವನ್ನು ವಿದ್ವಾಂಸರು ಸಾಕಷ್ಟು ಗಮನಿಸಿಲ್ಲ. ಬೇಸಾಯದ ಕೆರೆಯು ಪ್ರತಿ ವರ್ಷವೂ ಬರಿದಾಗುತ್ತಿದ್ದಿತು. ಗದ್ದೆಗಳು ಕುಡಿದು ಉಳಿದ ನೀರು ಬೇಸಗೆಯ ವೇಳೆಗೆ ತಳಮುಟ್ಟುತ್ತಿದ್ದುದರಿಂದ ಹಸ್ತ, ಚಿತ್ತೆಯ ಮಳೆಗೆ ಕೆರೆಯಲ್ಲಿ ಸ್ಥಳವಿರುತ್ತಿದ್ದಿತು. ಇಂದು ಮನೆಗಳ ಬಚ್ಚಲುನೀರು ವರ್ಷವಿಡೀ ಹರಿದು ಬರುವ ಕೆರೆಯು ಮಳೆಗೆ ಮೊದಲೇ ತುಂಬಿರುತ್ತದೆ. ಪುನರುಜ್ಜೀವನಗೊಂಡ ಎಷ್ಟೋ ಕೆರೆಗಳಲ್ಲಿ ನಡಿಗೆಯ ಹಾದಿಯಿದೆ, ಬೇಲಿಯಿದೆ. ನೀರನ್ನು ಇಳಿಸಬಲ್ಲ ತೂಬು ಇಲ್ಲ. ಕೆರೆಗಳು ಸರಪಣಿಯಂತೆ ಒಂದರ ಕೋಡಿಯಿಂದ ಮತ್ತೊಂದಕ್ಕೆ ತುಂಬುವುದರಿಂದ ಮೇಲಿನ ಕೆರೆಯ ಹೆಚ್ಚಿನ ನೀರನ್ನು ಕೆಳಗಿನದು ಹೊರಬೇಕಾಗುತ್ತದೆ. ನಗರದ ದಕ್ಷಿಣದಲ್ಲಿರುವ ಹುಳಿಮಾವು ಕೆರೆಯ ಏರಿ ಒಡೆದು ಮನೆಗಳಿಗೆ ನೀರು ನುಗ್ಗಿದುದು 2019ರ ನವೆಂಬರ್ 24ರಂದು, ಕಾರ್ತಿಕ ಕೃಷ್ಣಪಕ್ಷದಲ್ಲಿ. ಹಿಂದಿನವರು ರಾತ್ರಿಯ ಕಾವಲಿಗೆ ಗೊತ್ತುಮಾಡಿದ್ದ ಋತುವಿನಲ್ಲಿಯೇ ಇದು ನಡೆಯಿತು.

ಕೆಂಗೇರಿ, ಉಲ್ಲಾಳು, ಮಲ್ಲತ್ತಹಳ್ಳಿಗಳ ಕೆರೆಗಳು ಇನ್ನೂ ಉಳಿದಿರುವುದರಿಂದ ಈ ವಿಚಾರವನ್ನು ಸ್ಥಳದಲ್ಲಿಯೇ ಪರಿಶೀಲಿಸುವ ಅವಕಾಶವಿದೆ. ಆಸಕ್ತರಾದ ವಿದ್ಯಾರ್ಥಿಗಳು ಈ ಗ್ರಾಮಗಳ ಇನಾಮು ದಫ್ತರಗಳನ್ನೂ, 1961ರ ಕಾಯಿದೆಯ ಮೇರೆಗೆ ನಡೆದ ಮರುಮಂಜೂರಾತಿಯ ಕಾಗದಪತ್ರಗಳನ್ನೂ ಜೊತೆಯಿಟ್ಟು ನೋಡಿದಲ್ಲಿ, ನೀರುಗಂಟಿಗೆ ಬಿಟ್ಟಿದ್ದ ಜಮೀನು ಯಾವ ಸರ್ವೆ ನಂಬರಿನಲ್ಲಿದ್ದಿತು, ಅದು ಇಂದು ಯಾವ ಬೀದಿಯಾಗಿದೆ ಎಂಬುದನ್ನು ಗುರುತಿಸಬಹುದು.