‘ಏಕೆ’ ಎಂದು ಕೇಳುವವರು ಯಾರು?

ಸುಲ್ತಾನ್ ಬಜಾರಿನ ಸೀರೆ ಅಂಗಡಿಯೊಂದರ ಮಹಡಿಯಲ್ಲಿ ನಡೆದ ತರಬೇತಿಗೆ ಪರಿಚಿತರ ಒತ್ತಾಯದಿಂದ ಹೋಗಿದ್ದೆ. ವಿಷಯ ‘ಲೀನ್’ ನಿರ್ವಹಣೆ. ಅರ್ಥಾತ್ ಕೆಲಸದಲ್ಲಿ ವ್ಯರ್ಥವಾಗುವ ಓಡಾಟ, ಕಾಯುವಿಕೆ, ದಾಸ್ತಾನುಗಳನ್ನು ಗುರುತಿಸಿ ಕಳೆಯುವುದು. ಇದನ್ನು ದಿನವೂ ಸ್ವಲ್ಪಸ್ವಲ್ಪವಾಗಿ ಮುಂದುವರಿಸುವುದಕ್ಕೆ ‘ಕೈಜೆನ್’ ಎಂದು ಹೆಸರು. ಇದೆಲ್ಲ ಜಪಾನಿನ ಕೊಡುಗೆಯೆಂದರು ತರಬೇತುದಾರರು. ಅದು ಅರ್ಧ ನಿಜ.

1940ರಲ್ಲಿ ಯುದ್ಧಸಾಮಗ್ರಿಯ ತಯಾರಿಕೆಯನ್ನು ಬೇಗ ಹೆಚ್ಚಿಸಬೇಕಾಗಿದ್ದ ಅಮೆರಿಕವು ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂಬ ಯೋಜನೆಯನ್ನು ಆರಂಭಿಸಿತು. ಮೇಸ್ತ್ರಿಗಳಿಗೆ ಹತ್ತು ಗಂಟೆಗಳ ಪಾಠ. ಮಾಡುವ ಕೆಲಸವನ್ನು ತುಣುಕು ತುಣುಕಾಗಿ ಬಿಡಿಸಿ, ಪ್ರತಿ ತುಣುಕಿನ ಮುಂದೆಯೂ ಇದು ಏಕೆ ಬೇಕು, ಎಲ್ಲಿ ಆಗಬೇಕು, ಯಾವಾಗ, ಯಾರಿಂದ ಎಂದು ಕೇಳಿಕೊಳ್ಳುವುದು ಅದರ ಒಂದು ಭಾಗ. ಯುದ್ಧ ಮುಗಿದ 1945ರಲ್ಲಿ ಅಮೆರಿಕ ಅದನ್ನು ಕೈಬಿಟ್ಟಿತು. ಸೋತ ಜಪಾನು ಅಮೆರಿಕನ್ನರ ಆಡಳಿತದಲ್ಲಿದ್ದಾಗ ಅದೇ ಪಾಠವನ್ನು ಕಲಿತು ಉಳಿಸಿಕೊಂಡಿತು. ಕಾರ್ಮಿಕರಿಂದಲೇ ಸಲಹೆ ಪಡೆಯುವ ಪದ್ಧತಿಯನ್ನು ಟೊಯೋಟಾ 1951ರಲ್ಲಿ ಜಾರಿಗೆ ತಂದಿತು. ‘ಲೀನ್’ ಎಂಬ ಹೆಸರು ಬಂದದ್ದು 1988ರಲ್ಲಿ, ಅದೂ ಒಬ್ಬ ಅಮೆರಿಕನ್ ಸಂಶೋಧಕನ ಬರಹದಿಂದ.

‘ಏಕೆ’ ಎಂಬ ಪ್ರಶ್ನೆಯನ್ನು ಬಿಡದೆ ಬೆನ್ನಟ್ಟಿದ ಕನ್ನಡಿಗರೊಬ್ಬರು ಇದಕ್ಕೆಲ್ಲ ಮುಂಚೆಯೇ ಈ ಊರಿಗೆ ಬಂದಿದ್ದರು. ಸುಲ್ತಾನ್ ಬಜಾರು ಆಗಿನ್ನೂ ಬ್ರಿಟಿಷರ ರೆಸಿಡೆನ್ಸಿ ಬಜಾರು. ಇಲ್ಲಿಂದ ನಡೆದೇ ಹೋಗಬಹುದಾದ ಮೂಸಿ ನದಿ 1908ರ ಸೆಪ್ಟೆಂಬರ್ 28ರಂದು ಉಕ್ಕಿ ಸಾವಿರಾರು ಜನರನ್ನು ಕೊಂಡೊಯ್ದಿತು. ಮರುವರ್ಷ ನಿಜಾಮ್ ಸರ್ಕಾರದ ಕರೆಯ ಮೇರೆಗೆ ಬಂದ ಎಂ. ವಿಶ್ವೇಶ್ವರಯ್ಯನವರು ನದಿಯ ದಂಡೆಯನ್ನು ಮಾತ್ರ ನೋಡಲಿಲ್ಲ. ಮಳೆಯ ಲೆಕ್ಕ ತೆಗೆದರು, ಜಲಾನಯನದ ಕೆರೆಗಳನ್ನು ಎಣಿಸಿದರು. ಇದ್ದ 788 ಕೆರೆಗಳಲ್ಲಿ 221 ಒಡೆದಿದ್ದವು. ಮೇಲಿನ ಕೆರೆ ಒಡೆದ ನೀರು ಕೆಳಗಿನದರ ಮೇಲೆ ಬೀಳುತ್ತದೆ; ತಡೆಯಬೇಕಾದ್ದು ಊರಿನೊಳಗಲ್ಲ, ಊರಿನ ಮೇಲುಗಡೆ. ಅವರ ಸಲಹೆಯ ಫಲ 1920ರಲ್ಲಿ ಮುಗಿದ ಉಸ್ಮಾನ್ ಸಾಗರ, 1927ರ ಹಿಮಾಯತ್ ಸಾಗರ.

ಮುಂದೆ 1912ರಿಂದ 1918ರವರೆಗೆ ಮೈಸೂರಿನ ದಿವಾನರಾಗಿದ್ದಾಗ ಅವರು ಸರ್ಕಾರಿ ಕಚೇರಿಗಳ ಕೆಲಸವನ್ನು ಪರಿಶೀಲಿಸುವ ‘ಎಫಿಷಿಯನ್ಸಿ ಆಡಿಟ್’ ಪದ್ಧತಿಯನ್ನು ತಂದರು. ಇದನ್ನೇ ನಮ್ಮ ಕೈಜೆನ್ ಎಂದು ಹೆಮ್ಮೆಪಡುವ ಆಸೆ ನನಗೂ ಇದೆ. ಆದರೆ ಒಪ್ಪಿಕೊಳ್ಳಬೇಕು: ಅಲ್ಲಿ ಪ್ರಶ್ನೆ ಕೇಳುತ್ತಿದ್ದವರು ಮೇಲಿನವರು, ಉತ್ತರ ಕೊಡಬೇಕಾದವನು ಗುಮಾಸ್ತ. ಗುಮಾಸ್ತನೇ ತಿರುಗಿ ‘ಈ ನಾಲ್ಕನೆಯ ವಹಿ ಏಕೆ, ಸ್ವಾಮಿ?’ ಎಂದು ಕೇಳುವುದಕ್ಕೆ ಅದು ಹುಟ್ಟಿದ್ದಲ್ಲ.

ಜಪಾನಿನ ಪದ್ಧತಿ ಬೆಂಗಳೂರಿನ ಪಕ್ಕದ ಬಿಡದಿಗೇ ಬಂದಾಗಲೂ ಈ ತೊಡಕು ಪೂರ್ತಿ ಬಿಡಿಸಿಕೊಳ್ಳಲಿಲ್ಲ. ಟೊಯೋಟಾ ಕಿರ್ಲೋಸ್ಕರ್ ಕಂಪನಿ ಸ್ಥಾಪನೆಯಾದದ್ದು 1997ರಲ್ಲಿ. ಹತ್ತನೆಯ ತರಗತಿ ಮುಗಿಸಿದ ಹಳ್ಳಿಯ ಹುಡುಗರಿಗೆ ವೃತ್ತಿ ಕಲಿಸುವ ಅದರ ಸಂಸ್ಥೆ 2007ರಲ್ಲಿ ಆರಂಭವಾಯಿತು. ಅದು ಒಳ್ಳೆಯ ಕೆಲಸವೇ. ಆದರೂ 2020ರ ನವೆಂಬರಿನಲ್ಲಿ ಅದೇ ಕಾರ್ಖಾನೆ ಮುಷ್ಕರ, ಬೀಗಮುದ್ರೆಗಳನ್ನು ಕಂಡಿತು. ಕೆಲಸದ ಹೊರೆ ಹೆಚ್ಚಿತೆಂಬುದು ಕಾರ್ಮಿಕರ ದೂರುಗಳಲ್ಲೊಂದಾಗಿತ್ತು. ವ್ಯರ್ಥವೆಂದು ಕಳೆದ ನಿಮಿಷ ಯಾರ ಬಿಡುವಿನದು ಎಂಬ ಪ್ರಶ್ನೆ ತರಬೇತಿಯ ಪಟ್ಟಿಗಳಲ್ಲಿ ಸುಲಭವಾಗಿ ಕಾಣಿಸುವುದಿಲ್ಲ.

ಅಂದಿನ ತರಬೇತಿಯ ಕೊನೆಗೆ ಎಲ್ಲರಿಗೂ ಸಲಹೆ ಬರೆಯಲು ಒಂದೊಂದು ಚೀಟಿ ಕೊಟ್ಟರು. ಬೀದರಿನ ಕಡೆಯ ಹಿರಿಯ ಸೇಲ್ಸ್‌ಮನ್ ಒಬ್ಬರು ಬಹಳ ಹೊತ್ತು ಯೋಚಿಸಿ ಕನ್ನಡದಲ್ಲಿ ಬರೆದರು. ತರಬೇತುದಾರರಿಗೆ ಓದಲು ಬಾರದೆ ಚೀಟಿ ನನ್ನ ಕೈಗೆ ಬಂತು. ‘ಫಾಲು, ಲೈನಿಂಗ್ ಬಟ್ಟಿ ಕೆಳಗ ಸೀರಿ ಬಾಜೂಕೇ ಇಡ್ರಿ. ದಿನಾ ಇಪ್ಪತ್ತು ಸಲ ಮೆಟ್ಟಲಾ ಹತ್ತಿ ಮೊಣಕಾಲು ನೋಯ್ತಾವ’ ಎಂದಿತ್ತು. ಎಷ್ಟು ವರ್ಷದಿಂದ ಹೀಗೆ ಹತ್ತುತ್ತಿದ್ದೀರಿ ಎಂದು ಕೇಳಿದೆ. ‘ಹದಿನೆಂಟಾತ್ರೀ. ಯಾರೂ ಕೇಳಿರ್ಲಿಲ್ಲ’ ಎಂದರು.